ಕಾರು ಇಳಿಸುವ ಮಾರಾಯ್ರೆ, ಒಂದು ನಿಮಿಷ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಮ್ಯಾಪ್ ತೆಗೆದು ಈ ಮೂರನ್ನೂ ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ ಆಗ್ತದೆ. ಇದರೊಳಗೆ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳ್ತದೆ. ಡಾಂಬರಿನ ಅಂಚು ಪ್ರತಿ ಆಟಿ ತಿಂಗಳಲ್ಲಿ ಚರಂಡಿ ಸೇರ್ತದೆ. ಪ್ರತಿ ಶಾಲೆ, ಪ್ರತಿ ಭಜನಾ ಮಂದಿರ, ಪ್ರತಿ ಕಟ್ಟೆಯ ಎದುರು ಒಂದು ಹಂಪ್ ಉಂಟು. ಮನೆಗಳಾದರೂ ರಸ್ತೆ ಬದಿಯಲ್ಲಿವೆಯೇ ಅಂದರೆ ಅದೂ ಇಲ್ಲ. ಒಂದೋ ಕೆಳಗೆ ತೋಟದ ಬದಿ, ಇಲ್ಲವೋ ಮೇಲೆ ಗುಡ್ಡದ ಬದಿ. ಅಲ್ಲಿಗೆ ಹೋಗುವ ದಾರಿ ಅರ್ಧ ಕಾಂಕ್ರೀಟು, ಅರ್ಧ ಕೆಂಪು ಮಣ್ಣು. ಇಂಥ ಊರಲ್ಲಿ ನಮ್ಮ ಹುಡುಗರು ಕಾರಿನ ಹೊಟ್ಟೆಯನ್ನು ನೆಲಕ್ಕೆ ಹತ್ತಿರ ತರಲು ಐವತ್ತು ಸಾವಿರ ಕೊಡ್ತಿದ್ದಾರೆ.

ಊರಲ್ಲೇ ಇರುವವರಿಗಿಂತ ಬೆಂಗಳೂರಲ್ಲಿ ಕೆಲಸ ಮಾಡುತ್ತಾ ಶುಕ್ರವಾರ ರಾತ್ರಿ ಶಿರಾಡಿ ಇಳಿದು ಬರುವವರಲ್ಲಿ ಈ ಹುಚ್ಚು ಹೆಚ್ಚು. ಅಂದರೆ ನಮ್ಮಂಥವರು. ನಾಲ್ಕು ವರ್ಷ ಸರ್ವಿಸ್ ಆದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಪೋಲೋನೋ ಸ್ವಿಫ್ಟೋ ತಗೊಳ್ತೀವಿ. ಆಮೇಲೆ ಅಲಾಯ್, ಆಮೇಲೆ ಎಕ್ಸಾಸ್ಟು, ಆಮೇಲೆ ಒಂದು ರಾತ್ರಿ ರೀಲ್ಸ್ ನೋಡುತ್ತಾ ಕಣ್ಣಿಗೆ ಬೀಳುವುದೇ ಕಾಯಿಲೋವರ್. ನೀಲಿ ಸ್ಪ್ರಿಂಗು, ಬಂಗಾರದ ಬಣ್ಣದ ಬಾಡಿ, ತಲೆಯ ಮೇಲೆ ತಿರುಗಿಸುವ ಗುಬ್ಬಿ, '32 ಲೆವೆಲ್ ಅಡ್ಜಸ್ಟೆಬಲ್' ಅಂತ ಸ್ಟಿಕ್ಕರು.

ನನ್ನ ತಕರಾರು ಕಾರು ಮಾಡಿಫೈ ಮಾಡುವವರ ಮೇಲಲ್ಲ. ದುಡ್ಡು ನಿಮ್ಮದು, ಕಾರು ನಿಮ್ಮದು. ಏನು ಕೊಂಡಿದ್ದೀವಿ ಅನ್ನುವುದೇ ಗೊತ್ತಿಲ್ಲದೆ ಕೊಳ್ಳುವುದರ ಮೇಲೆ, ಗೊತ್ತಿಲ್ಲದವರಿಗೆ ಅದನ್ನು ಮಾರುವವರ ಮೇಲೆ ನನ್ನ ಸಿಟ್ಟು. ಒಂದು ಲೈಬ್ರರಿ ಹಾಕಿಕೊಳ್ಳುವ ಮುಂಚೆ ಡಾಕ್ಯುಮೆಂಟೇಶನ್ ಓದುತ್ತೀರಿ, ವರ್ಷನ್ ನೋಡುತ್ತೀರಿ, ಓಪನ್ ಇಶ್ಯೂ ಎಷ್ಟಿದೆ ನೋಡುತ್ತೀರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೂರರಲ್ಲಿ ಓಡಿಸುವ ಕಾರಿನ ಕಾಲು ಬದಲಿಸುವಾಗ ಮಾತ್ರ ಬಣ್ಣ ನೋಡಿ ಸೆಲೆಕ್ಟ್ ಮಾಡುತ್ತೀರಲ್ಲ, ಇದೆಂಥ ಕಥೆ?

ಮೊದಲು ವಸ್ತು ಯಾವುದು ನೋಡೋಣ. ಸ್ಪ್ರಿಂಗಿನ ಒಳಗೆ ಶಾಕ್ ಅಬ್ಸಾರ್ಬರ್ ಕೂತಿದ್ದರೆ ಅದು ಕಾಯಿಲೋವರ್, ಅಷ್ಟೆ. ಆ ಲೆಕ್ಕದಲ್ಲಿ ನಿಮ್ಮ ಸ್ವಿಫ್ಟಿನ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ಕಾಯಿಲೋವರೇ. ಕಂಪನಿಯಿಂದಲೇ ಬಂದದ್ದು, ಎತ್ತರ ತಿರುಗಿಸಲು ಥ್ರೆಡ್ ಇಲ್ಲ ಅನ್ನುವುದೊಂದೇ ವ್ಯತ್ಯಾಸ. ಹಿಂದಿನ ಚಕ್ರಕ್ಕೆ ಬನ್ನಿ. ಸ್ವಿಫ್ಟ್, ಪೋಲೋ, ಐ20 ಇಂಥ ಹ್ಯಾಚ್‌ಬ್ಯಾಕುಗಳಲ್ಲಿ ಹಿಂದೆ ಇರುವುದು ಟಾರ್ಶನ್ ಬೀಮ್. ಅಲ್ಲಿ ಸ್ಪ್ರಿಂಗ್ ಬೇರೆ ಕಡೆ, ಶಾಕ್ ಬೇರೆ ಕಡೆ. ಅಂದರೆ 'ನಾಲ್ಕು ಕಾಯಿಲೋವರ್' ಅಂತ ಬಿಲ್ ಮಾಡಿದ ಪೆಟ್ಟಿಗೆಯಲ್ಲಿ ಹಿಂದಿನ ಎರಡು ಕಾಯಿಲೋವರೇ ಅಲ್ಲ! ಒಂದು ಗಿಡ್ಡ ಸ್ಪ್ರಿಂಗು, ಅದರ ಕೆಳಗೊಂದು ತಿರುಗಿಸುವ ತಟ್ಟೆ, ಪಕ್ಕದಲ್ಲಿ ಬೇರೆ ಶಾಕು. ಇದನ್ನು ಅಂಗಡಿಯವನ ಹತ್ತಿರ ಕೇಳಿ ನೋಡಿ. ಸರಿಯಾದ ಉತ್ತರ ಕೊಟ್ಟರೆ ಅವನ ಹತ್ತಿರ ಇನ್ನೊಂದಿಷ್ಟು ಮಾತಾಡಬಹುದು.

ಈಗ ಸ್ಪ್ರಿಂಗ್. ಒಳ್ಳೆಯ ಕಿಟ್ಟಿನ ಸ್ಪ್ರಿಂಗ್ ಮೇಲೆ ಮೂರು ಅಂಕಿ ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ 62-180-6. ಒಳಗಿನ ವ್ಯಾಸ 62 ಮಿ.ಮೀ., ಬಿಡಿಯಾಗಿ ಇಟ್ಟಾಗ ಉದ್ದ 180 ಮಿ.ಮೀ., ಒಂದು ಮಿ.ಮೀ. ಒತ್ತಲು 6 ಕಿಲೋ ಭಾರ ಬೇಕು. ಬ್ರ್ಯಾಂಡಿನ ಹೆಸರು ದೊಡ್ಡದಾಗಿ ಬರೆದು ಈ ಅಂಕಿಗಳೇ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅಗ್ಗದ ಕಿಟ್ಟುಗಳ ಲೋಕದಲ್ಲಿ ಒಂದೇ ಫ್ಯಾಕ್ಟರಿಯ ಮಾಲು ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರಿನಲ್ಲಿ ಬರುವುದು ಮಾಮೂಲು. ನಾಳೆ ಆ ಹೆಸರೇ ಇರುವುದಿಲ್ಲ. ಅಂಕಿ ಮಾತ್ರ ಇರ್ತದೆ.

ಈ 6 ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ, ಬಿ.ಇ. ಮಾಡಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ. ಸಣ್ಣ ಕಾರಿನ ಮುಂದಿನ ಒಂದು ಚಕ್ರದ ಮೇಲೆ ಸುಮಾರು 300 ಕಿಲೋ ಕೂತಿದೆ ಅಂದುಕೊಳ್ಳಿ. ಕಂಪನಿಯ ಸ್ಪ್ರಿಂಗ್ ಮಿ.ಮೀ.ಗೆ 2.5 ಕಿಲೋದ್ದು ಅಂತಿಟ್ಟುಕೊಳ್ಳಿ. ಆಗ ಆ ಮೂಲೆ ಕುಣಿಯುವುದು ಸೆಕೆಂಡಿಗೆ ಸುಮಾರು 1.4 ಸಲ. 6 ಕಿಲೋದ ಸ್ಪ್ರಿಂಗ್ ಹಾಕಿದರೆ 2.2 ಸಲ. ಕುಟುಂಬದ ಕಾರುಗಳನ್ನು ಸಾಮಾನ್ಯವಾಗಿ ಒಂದರಿಂದ ಒಂದೂವರೆಯ ನಡುವೆ ಇಡುತ್ತಾರೆ, ಯಾಕೆಂದರೆ ನಡೆಯುವಾಗ ನಮ್ಮ ದೇಹ ಕುಲುಕುವ ವೇಗವೂ ಅದರ ಹತ್ತಿರವೇ. ಎರಡು ದಾಟಿದ ಮೇಲೆ ಹಿಂದೆ ಕೂತ ಅಮ್ಮ ಮಾಣಿ ತಲುಪುವುದರೊಳಗೆ 'ಇದೆಂತ ಮಾರಾಯ, ಜೀಪಿನ ಹಾಗೆ' ಅಂತಾರೆ. ಅಮ್ಮ ಹೇಳಿದ್ದು ಸರಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 300 ಕಿಲೋ ಭಾರಕ್ಕೆ 2.5ರ ಸ್ಪ್ರಿಂಗ್ 120 ಮಿ.ಮೀ. ಕುಗ್ಗಿ ನಿಂತಿರ್ತದೆ. 6ರದ್ದು 50 ಮಿ.ಮೀ. ಮಾತ್ರ. ಹೊಂಡ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹುಡುಕಬೇಕಲ್ಲ, ಸ್ಪ್ರಿಂಗ್ ಅದನ್ನು ತಳ್ಳುವುದು ಆ 50 ಮಿ.ಮೀ. ಮುಗಿಯುವವರೆಗೆ ಮಾತ್ರ. ಆಮೇಲೆ ಟಯರ್ ನೆಲದ ಮೇಲೆ ಇದ್ದರೂ ಇಲ್ಲದ ಹಾಗೆ. ಮಳೆಗಾಲದಲ್ಲಿ, ವಗ್ಗದ ತಿರುವಿನಲ್ಲಿ, ಎದುರಿಂದ ಬಸ್ಸು ಬರುವಾಗ ಟಯರಿಗೆ ನೆಲ ಇಲ್ಲ ಅಂದರೆ ಏನಾಗಬಹುದು, ನೀವೇ ಯೋಚಿಸಿ. 'ಗಟ್ಟಿ ಸಸ್ಪೆನ್ಶನ್ ಅಂದರೆ ಒಳ್ಳೆ ಗ್ರಿಪ್' ಅನ್ನುವುದು ನುಣುಪಾದ ಟ್ರ್ಯಾಕಿನ ಮಾತು. ಶ್ರೀಪೆರಂಬುದೂರಿನ ಹತ್ತಿರದ ಮದ್ರಾಸ್ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಅದು ನಿಜ. ಪುಂಜಾಲಕಟ್ಟೆಯಲ್ಲಿ ಸುಳ್ಳು.

ನಂಬಿಕೆ ಬರದಿದ್ದರೆ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿ ನೋಡಿ ಬನ್ನಿ. ನಮ್ಮದಕ್ಕಿಂತ ಕೆಟ್ಟ ಮಣ್ಣುದಾರಿಯಲ್ಲಿ ನಮ್ಮ ಮೂರು ಪಟ್ಟು ವೇಗದಲ್ಲಿ ಹೋಗುವವರು ಅವರು. ಒಂದು ಕಾರನ್ನಾದರೂ ನೆಲಕ್ಕೆ ತಾಗಿಸಿರುತ್ತಾರಾ? ಎತ್ತರಿಸಿ, ಚಕ್ರಕ್ಕೆ ಮೇಲೆ ಕೆಳಗೆ ಓಡಾಡಲು ಇನ್ನಷ್ಟು ಜಾಗ ಕೊಟ್ಟಿರುತ್ತಾರೆ. ಹ್ಯಾಂಡ್ಲಿಂಗ್ ಬೇಕು ಅಂತ ಕಾರು ತಗ್ಗಿಸಿದೆ ಅನ್ನುವ ಗೆಳೆಯರು ಇದಕ್ಕೇನು ಹೇಳುತ್ತಾರೋ!

ತಗ್ಗಿಸಿದರೆ ಬಾಡಿ ರೋಲ್ ಕಡಿಮೆ ಅನ್ನುವುದೂ ಅರ್ಧ ಸತ್ಯ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಕೆಳಗಿನ ಆರ್ಮ್ ಕಂಪನಿ ಎತ್ತರದಲ್ಲಿ ಸಾಮಾನ್ಯವಾಗಿ ಚಕ್ರದ ಕಡೆಗೆ ಸ್ವಲ್ಪ ಕೆಳಮುಖವಾಗಿ ಇರ್ತದೆ. ಕಾರನ್ನು ಐವತ್ತು ಮಿ.ಮೀ. ಇಳಿಸಿದಿರಿ ಅಂದರೆ ಅದು ಮೇಲ್ಮುಖ ಆಗ್ತದೆ. ಕಾರಿನ ಭಾರದ ಕೇಂದ್ರ ಇಳಿದಿದ್ದು ಐವತ್ತಾದರೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿದಿರ್ತದೆ. ಎರಡರ ನಡುವಿನ ಅಂತರ ಹೆಚ್ಚಾಯ್ತು, ಅಂದರೆ ಕಾರನ್ನು ವಾಲಿಸುವ ಸನ್ನೆಕೋಲು ಉದ್ದ ಆಯ್ತು. ಅದನ್ನು ಮುಚ್ಚಲಿಕ್ಕೆ ಇನ್ನೂ ಗಟ್ಟಿ ಸ್ಪ್ರಿಂಗು. ಇಳಿಸಿದ್ದರಿಂದ ಹುಟ್ಟಿದ ತೊಂದರೆಗೆ ಸ್ಪ್ರಿಂಗಿನಲ್ಲಿ ತೇಪೆ ಹಾಕಿ ಅದಕ್ಕೆ 'ಸ್ಪೋರ್ಟ್ಸ್ ಸೆಟಪ್' ಅಂತ ಹೆಸರಿಡುತ್ತಾರೆ. ಆಫೀಸಿನಲ್ಲಿ ನಾವೂ ಇಂಥ ಕೋಡ್ ಬರೆಯುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಯಾರೂ ಕೂತು ಧರ್ಮಸ್ಥಳಕ್ಕೆ ಹೋಗುವುದಿಲ್ಲ.

ಎತ್ತರ ಹೇಗೆ ಬದಲಾಗ್ತದೆ ಅನ್ನುವುದನ್ನೂ ನೋಡಬೇಕು. ಸರಿಯಾದ ಕಿಟ್ಟಿನಲ್ಲಿ ಕೆಳಗಿನ ಬ್ರ್ಯಾಕೆಟ್ಟೇ ಥ್ರೆಡ್ ಮೇಲೆ ಹತ್ತಿಳಿಯುತ್ತದೆ, ಸ್ಪ್ರಿಂಗನ್ನು ಮುಟ್ಟಬೇಕಿಲ್ಲ. ಅಗ್ಗದ್ದರಲ್ಲಿ ಸ್ಪ್ರಿಂಗಿನ ಕೆಳಗಿನ ತಟ್ಟೆ ಮಾತ್ರ ತಿರುಗುತ್ತದೆ. ತುಂಬಾ ಇಳಿಸಿದರೆ ಸ್ಪ್ರಿಂಗ್ ಸಡಿಲ ಆಗ್ತದೆ. ಪರೀಕ್ಷೆ ಸುಲಭ. ಜಾಕ್ ಕೊಟ್ಟು ಚಕ್ರ ನೇತಾಡುವ ಹಾಗೆ ಮಾಡಿ, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ, ನೀವು ಒಂದು ದೊಡ್ಡ ಹೊಂಡ ಹಾರಿದಾಗ ಅದು ತನ್ನ ಜಾಗ ಬಿಟ್ಟು ಅಡ್ಡ ಕೂರಬಹುದು. 'ತಟ್ಟೆ ಟೈಟ್ ಮಾಡಿದರೆ ಸ್ಪ್ರಿಂಗ್ ಸ್ಟಿಫ್ ಆಗ್ತದೆ ಸರ್' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಂದೇ ಸಮನಾದ ಸುರುಳಿಯ ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಅದೇ 6 ಕಿಲೋ. ಕಾರು ಮೇಲೆ ಏರುತ್ತದೆ, ಅಷ್ಟೆ.

ಆ ಗುಬ್ಬಿ ಇದೆಯಲ್ಲ, ಮೂವತ್ತೆರಡು ಕ್ಲಿಕ್ಕಿನದು, ಅದರ ಬಗ್ಗೆ ನನಗೆ ಬರೆದಷ್ಟೂ ಸಿಟ್ಟು ಮುಗಿಯುವುದಿಲ್ಲ. ಒಳಗಿರುವುದು ಒಂದು ಸೂಜಿ. ಎಣ್ಣೆ ಹೋಗುವ ಸಣ್ಣ ಅಡ್ಡದಾರಿಯನ್ನು ಅದು ತೆರೆಯುತ್ತದೆ, ಮುಚ್ಚುತ್ತದೆ. ರಾಡ್ ನಿಧಾನವಾಗಿ ಚಲಿಸುವಾಗ, ಅಂದರೆ ತಿರುವಿನಲ್ಲಿ ವಾಲುವಾಗ, ಬ್ರೇಕ್ ಹಾಕಿದಾಗ ಮುಂದೆ ಬಾಗುವಾಗ, ಅದರ ಪ್ರಭಾವ ಕಾಣ್ತದೆ. ಹಂಪಿಗೆ ಹೊಡೆದಾಗ ರಾಡ್ ಓಡುವ ವೇಗಕ್ಕೆ ಉತ್ತರ ಕೊಡುವುದು ಪಿಸ್ಟನ್ ಮೇಲೆ ಜೋಡಿಸಿದ ತೆಳು ಉಕ್ಕಿನ ಬಿಲ್ಲೆಗಳು. ಗುಬ್ಬಿ ತಿರುಗಿಸಿ ಅವನ್ನು ಬದಲಿಸಲು ಆಗುವುದಿಲ್ಲ. ಸ್ಪ್ರಿಂಗ್ 2.5ರಿಂದ 6ಕ್ಕೆ ಹೋದಾಗ ಅದನ್ನು ಹಿಂದಿನಷ್ಟೇ ಹದವಾಗಿ ಹಿಡಿಯಲು ಶಾಕಿಗೆ ಒಂದೂವರೆ ಪಟ್ಟು ತಾಕತ್ತು ಬೇಕು. ಆ ತಾಕತ್ತು ಉಂಟೋ ಇಲ್ಲವೋ ಅನ್ನುವುದು ಡೈನೋ ಗ್ರಾಫಿನಲ್ಲಿ ಕಾಣ್ತದೆ, ಕ್ಲಿಕ್ಕಿನ ಸಂಖ್ಯೆಯಲ್ಲಿ ಕಾಣುವುದಿಲ್ಲ. ಗ್ರಾಫ್ ಕೇಳಿ. ಇಲ್ಲದಿದ್ದರೆ ಮುಂದಿನ ಎರಡನ್ನೂ ನೆಲದ ಮೇಲೆ ನಿಲ್ಲಿಸಿ, ಒಂದೇ ಕ್ಲಿಕ್ಕಿಗೆ ಇಟ್ಟು, ಸ್ಪ್ರಿಂಗ್ ತೆಗೆದು ಮೈಭಾರ ಹಾಕಿ ಒತ್ತಿ ನೋಡಿ. ಎಡಗಡೆಯದ್ದೂ ಬಲಗಡೆಯದ್ದೂ ಬೇರೆ ಬೇರೆ ಅನಿಸಿದರೆ ಅದು ಜೋಡಿಯೇ ಅಲ್ಲ.

'ಮಾನೋಟ್ಯೂಬ್ ಸರ್, ರೇಸಿಂಗ್ ಟೆಕ್ನಾಲಜಿ' ಅನ್ನುವವರೂ ಇದ್ದಾರೆ. ಸರಿ, ಮಾನೋಟ್ಯೂಬ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಅದರಲ್ಲಿ ಪಿಸ್ಟನ್ ಓಡುವುದು ಹೊರಗಿನ ಗೋಡೆಯ ಮೇಲೆಯೇ. ಒಂದು ಜಲ್ಲಿಕಲ್ಲು ಹಾರಿ ಬಡಿದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳಬಹುದು. ಟ್ವಿನ್ ಟ್ಯೂಬಿನಲ್ಲಿ ಹೊರಗೋಡೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗಿನ ಕೊಳವೆ ತನ್ನ ಪಾಡಿಗೆ ಕೆಲಸ ಮಾಡ್ತದೆ. ಕಲ್ಲಡ್ಕದಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ವರ್ಷಗಳಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಜಲ್ಲಿಕಲ್ಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಮೂಡುಬಿದಿರೆ ಹೈವೇ ಅಗಲ ಮಾಡುವಾಗ ಗಂಜಿಮಠ, ಎಡಪದವು ಕಡೆ ಕೆಸರಲ್ಲಿ ಈಜಿದವರಿಗೂ.

ಇನ್ನು ತುಕ್ಕು. ಉಕ್ಕಿನ ಬಾಡಿ, ಅಲ್ಯೂಮಿನಿಯಂ ರಿಂಗು, ನಡುವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ಮತ್ತು ಕೆಂಪು ಮಣ್ಣು. ಎರಡು ಲೋಹ ಒದ್ದೆಯಲ್ಲಿ ಒಟ್ಟಿಗೆ ಕೂತರೆ ಏನಾಗ್ತದೆ ಅಂತ ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ್ದೇವೆ. ಎರಡು ಮಳೆಗಾಲ ಕಳೆದ ಮೇಲೆ ಆ ರಿಂಗು ಅಲ್ಲಾಡುವುದಿಲ್ಲ. ಅಡ್ಜಸ್ಟೆಬಲ್ ಅಂತ ದುಡ್ಡು ಕೊಟ್ಟದ್ದು ಇದಕ್ಕಾ?

ನನ್ನ ದೊಡ್ಡಪ್ಪನ ಮಗ ಮಂಗಳೂರಲ್ಲಿ ಕೆಲಸಕ್ಕಿದ್ದಾನೆ. ಕಳೆದ ವರ್ಷ ಕ್ರೆಡಿಟ್ ಕಾರ್ಡಿನ ಇಎಂಐನಲ್ಲಿ ನಲವತ್ತೆಂಟು ಸಾವಿರದ ಒಂದು ಸೆಟ್ ಹಾಕಿಸಿದ. ಮಾರಿದ ಅಂಗಡಿಯ ಹೆಸರು ಬೇಡ, ಅವರು ಒಬ್ಬರೇ ಹೀಗೆ ಮಾಡುವುದೂ ಅಲ್ಲ. ಮೂರನೇ ತಿಂಗಳಿಗೆ ಮುಂದುಗಡೆ 'ಟಕ್ ಟಕ್' ಶುರುವಾಯ್ತು. ಅಂಗಡಿಯವರು 'ಪಿಲ್ಲೋಬಾಲ್ ಅಂದರೆ ಹಾಗೇ ಸೌಂಡ್ ಬರ್ತದೆ' ಅಂದರು. ಸೌಂಡ್ ಬರುವುದು ನಿಜ. ಕಂಪನಿಯ ರಬ್ಬರ್ ಮೌಂಟ್ ತೆಗೆದು ಲೋಹದ ಗುಂಡು ಹಾಕಿದರೆ ರಸ್ತೆಯ ಪ್ರತಿ ಮಾತೂ ಒಳಗೆ ಕೇಳ್ತದೆ. ಆದರೆ ಇವನು ಸುಮ್ಮನೆ ಬಿಡದೆ ಊರಿಗೆ ಬಂದಾಗ ಗುರುವಾಯನಕೆರೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ತೋರಿಸಿದ. ಅವರು ಚಕ್ರ ಬಿಚ್ಚಿ, ಸೌಂಡಿನ ಸುದ್ದಿಗೇ ಹೋಗದೆ, ಬ್ರೇಕ್ ಹೋಸನ್ನು ಬೆರಳಲ್ಲಿ ತೋರಿಸಿದರು. 'ಅಣ್ಣ, ಇದನ್ನು ಕಟ್ಟಿದ್ದು ಯಾರು?'

ಕಂಪನಿಯ ಸ್ಟ್ರಟ್ಟಿನ ಮೇಲೆ ಬ್ರೇಕ್ ಹೋಸನ್ನೂ ಎಬಿಎಸ್ ವಯರನ್ನೂ ಹಿಡಿದಿಡುವ ಒಂದು ಸಣ್ಣ ಬ್ರ್ಯಾಕೆಟ್ ಇರ್ತದೆ. ಆ ಕಿಟ್ಟಿನಲ್ಲಿ ಅದು ಇರಲೇ ಇಲ್ಲ. ಇದ್ದದ್ದು ಒಂದು ಪ್ಲಾಸ್ಟಿಕ್ ಕೇಬಲ್ ಟೈ. ಅದು ಬಿಸಿಲಿಗೆ, ನೀರಿಗೆ ಸಡಿಲಾಗಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಹೋಸ್ ಚಕ್ರದ ಒಳಬದಿಗೆ ಉಜ್ಜಿ ಮೇಲಿನ ರಬ್ಬರ್ ಸವೆದು ಒಳಗಿನ ನೂಲು ಕಾಣ್ತಾ ಇತ್ತು. ಅವನು ಆ ವಾರವೇ ಹೆಂಡತಿಯನ್ನೂ ಎಂಟು ತಿಂಗಳ ಮಗುವನ್ನೂ ಕೂರಿಸಿಕೊಂಡು ಚಾರ್ಮಾಡಿ ಹತ್ತುವ ಪ್ಲಾನ್ ಹಾಕಿದ್ದ. ಹತ್ತುವಾಗ ಅಲ್ಲ, ಇಳಿಯುವಾಗ ಬ್ರೇಕ್ ಬೇಕಾಗುವುದು.

ಹಾಗಾಗಿ ಬಜೆಟ್ ಕಾಯಿಲೋವರ್ ಗುರುತಿಸುವುದು ಹೇಗೆ ಅಂತ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಈ ಬ್ರ್ಯಾಕೆಟ್ಟನ್ನು. ನಿಮ್ಮ ಕಾರಿನ ಹೋಸ್ ಕ್ಲಿಪ್ಪು, ಎಬಿಎಸ್ ವಯರಿನ ಕ್ಲಿಪ್ಪು, ಸ್ವೇ ಬಾರ್ ಲಿಂಕಿನ ಕಿವಿ, ಈ ಮೂರೂ ಸರಿಯಾದ ಜಾಗದಲ್ಲಿ ವೆಲ್ಡ್ ಆಗಿ ಬಂದಿದ್ದರೆ ಆ ಕಿಟ್ ನಿಮ್ಮ ಕಾರಿಗೆ ಮಾಡಿದ್ದು. ಇಲ್ಲದಿದ್ದರೆ ಯಾವುದೋ ಕಾರಿಗೆ ಮಾಡಿ ನಿಮ್ಮ ಕಾರಿಗೆ ಹೊಂದಿಸಿದ್ದು. ಆಮೇಲೆ ಒಂದು ಪ್ರಶ್ನೆ: ಒಂದೇ ಒಂದು ಶಾಕ್ ಸೋರಿದರೆ ಅದೊಂದನ್ನೇ ಕೊಡುತ್ತೀರಾ, ಸೀಲು ಸಿಗ್ತದಾ, ಎಷ್ಟು ದಿನಕ್ಕೆ? 'ಸೆಟ್ಟೇ ತಗೊಳ್ಳಬೇಕು ಸರ್' ಅಂದರೆ ನಲವತ್ತೆಂಟು ಸಾವಿರವನ್ನು ಎರಡರಿಂದ ಗುಣಿಸಿಕೊಳ್ಳಿ. ಆ ದುಡ್ಡಿಗೆ ಹೆಸರುವಾಸಿ ಕಂಪನಿಯ ಸೆಟ್ಟೇ ಬರ್ತದೆ.

ದುಬಾರಿಯದ್ದೇ ಬೇಕು ಅನ್ನುವ ಜನರೂ ನನಗೆ ಆಗಿ ಬರುವುದಿಲ್ಲ. ಓಲಿನ್ಸ್ ಇಲ್ಲದಿದ್ದರೆ ಕಾರೇ ಅಲ್ಲ ಅನ್ನುವವರು. ಟೈನ್, ಬಿಸಿ ರೇಸಿಂಗ್ ಥರದವರ ಮಧ್ಯಮ ಬೆಲೆಯ ಕಿಟ್ಟುಗಳನ್ನು ನಿಮ್ಮ ಕಾರಿಗೆಂದೇ ಮಾಡಿದ್ದು ಸಿಕ್ಕರೆ, ಸ್ಪ್ರಿಂಗ್ ಸ್ವಲ್ಪ ಮೆದುವಾದದ್ದು ಕೇಳಿ ತರಿಸಿ, ಹದಿನೈದು ಇಪ್ಪತ್ತು ಮಿ.ಮೀ. ಮೀರದಂತೆ ಇಳಿಸಿ, ಅಲೈನ್‌ಮೆಂಟ್ ಮಾಡಿಸಿಕೊಂಡವರು ನೆಮ್ಮದಿಯಾಗಿ ಓಡಿಸುವುದು ಉಂಟು. ಅಲ್ಲಿಗೂ ಹಂಪಿನ ಲೆಕ್ಕ ಮರೆಯಬೇಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲ ಇದ್ದರೆ ಚಕ್ರಗಳೂ ಅದರ ಮೇಲೆಯೇ ಏರಿರುತ್ತವೆ, ಹೊಟ್ಟೆ ತಾಗುವುದಿಲ್ಲ. ನಮ್ಮೂರಿನ ಹಂಪು ಒಂದು ಮೀಟರ್ ಅಗಲದ ದಿಂಡು. ಮುಂದಿನ ಚಕ್ರ ಆಚೆ ಇಳಿದಾಗ ಹಿಂದಿನದ್ದು ಈಚೆಯೇ ಇರ್ತದೆ, ಹಂಪಿನ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ. 165 ಮಿ.ಮೀ. ಇದ್ದದ್ದನ್ನು 120ಕ್ಕೆ ತಂದವರು ಅಲ್ಲಿ ಸೈಲೆನ್ಸರ್ ಪೈಪ್ ಕಾಣಿಕೆ ಹಾಕಿ ಹೋಗಬೇಕು.

ಇದಕ್ಕೆ ಸರ್ಕಾರ ಏನು ಮಾಡ್ತಿದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಬೇಡಿ ಅಂತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 'ಆರ್‌ಸಿಯಲ್ಲಿ ಎತ್ತರದ ಕಾಲಂ ಇಲ್ಲ ಸರ್' ಅನ್ನುವ ಅಂಗಡಿಯವನ ಕಾನೂನು ಪಾಂಡಿತ್ಯವನ್ನು ನಂಬಿ ಕೂರಬೇಡಿ. ವಿಮೆಯವರಿಗೆ ಹೇಳದೆ ಮಾಡಿಸಿದ ಬದಲಾವಣೆ ಕ್ಲೇಮಿನ ದಿನ ತಕರಾರಾಗಿ ಎದ್ದು ಬರಬಹುದು.

ಆದರೆ ಇದೂ ಒಂದು ಥರದ ಸೋಮಾರಿತನವೇ. ಸೈಲೆನ್ಸರ್ ಸದ್ದು ಕೇಳ್ತದೆ, ಹಾಗಾಗಿ ಬಿ.ಸಿ.ರೋಡಿನಲ್ಲಿ ನಿಲ್ಲಿಸಿ ದಂಡ ಹಾಕ್ತಾರೆ. ಕೇಬಲ್ ಟೈನಲ್ಲಿ ನೇತಾಡುವ ಬ್ರೇಕ್ ಹೋಸ್ ಸದ್ದು ಮಾಡುವುದಿಲ್ಲ, ಅದು ಸಲೀಸಾಗಿ ದಾಟಿ ಹೋಗ್ತದೆ. ಜರ್ಮನಿಯಲ್ಲಿ ಇಂಥ ಕಿಟ್ಟಿಗೆ ಟ್ಯೂಫ್ ಥರದ ಸಂಸ್ಥೆ ಪರೀಕ್ಷೆ ಮಾಡಿ ಚೀಟಿ ಕೊಡ್ತದೆ. ಯಾವ ಕಾರಿಗೆ, ಎಷ್ಟು ಇಳಿಸಬಹುದು, ಯಾವ ಟಯರ್ ಅಂತ ಅದರಲ್ಲಿ ಇರ್ತದೆ. ಹಾಕಿದ ಮೇಲೆ ಮತ್ತೆ ತೋರಿಸಿ ದಾಖಲೆಗೆ ಸೇರಿಸಬೇಕು. ಚೀಟಿ ಇಲ್ಲದ ಕಿಟ್ಟಿಗೆ ಅಲ್ಲಿ ರಸ್ತೆ ಇಲ್ಲ. ನಮ್ಮಲ್ಲಿ ಒಳ್ಳೆಯದೂ ಅಪರಾಧ, ಕೆಟ್ಟದ್ದೂ ಅಪರಾಧ. ಹಾಗಿದ್ದ ಮೇಲೆ ಮಾರುವವನಿಗೆ ಒಳ್ಳೆಯದನ್ನೇ ಮಾರಬೇಕೆನ್ನುವ ಒತ್ತಡ ಎಲ್ಲಿಂದ ಬರಬೇಕು? ನಿಷೇಧ ಇರುವ ಕಡೆ ಕ್ವಾಲಿಟಿ ಸರ್ಟಿಫಿಕೇಟ್ ಕೇಳುವವರೇ ಇರುವುದಿಲ್ಲ.

ನಿಮ್ಮ ಕಾರು ಎಂಬತ್ತು ಸಾವಿರ ಕಿಲೋಮೀಟರ್ ಓಡಿ 'ಹ್ಯಾಂಡ್ಲಿಂಗ್ ಸರಿ ಇಲ್ಲ' ಅನಿಸಿದರೆ ಸಾಮಾನ್ಯವಾಗಿ ಸತ್ತಿರುವುದು ಹಳೇ ಶಾಕು, ಲೋವರ್ ಆರ್ಮಿನ ಬುಷ್ಷು, ಲಿಂಕ್ ರಾಡು. ಕಂಪನಿಯದ್ದೇ ಹೊಸ ಸ್ಟ್ರಟ್ಟು, ಟಾಪ್ ಮೌಂಟು, ಬುಷ್ಷು ಹಾಕಿಸಿ, ಉಳಿದ ದುಡ್ಡಲ್ಲಿ ನಾಲ್ಕು ಒಳ್ಳೆಯ ಟಯರ್ ತಗೊಳ್ಳಿ. ನನ್ನ ತಮ್ಮನಿಗೂ ಕೊನೆಗೆ ಅದನ್ನೇ ಮಾಡಿಸಿದ್ದು. ಎರಡು ಬ್ರೇಕ್ ಹೋಸೂ ಸೇರಿ ಕಿಟ್ಟಿನ ಅರ್ಧ ದುಡ್ಡೂ ಆಗಲಿಲ್ಲ. ಇನ್ನೂ ಕಡಿಮೆಯಲ್ಲಿ ಮುಗಿಯುತ್ತಿತ್ತು. ಆದರೆ ಕಿಟ್ ಹಾಕಿದ ದಿನ ತೆಗೆದ ಹಳೇ ಸ್ಟ್ರಟ್ಟುಗಳನ್ನು ಅಂಗಡಿಯವರು 'ವೇಸ್ಟ್' ಅಂತ ಅಲ್ಲೇ ಇಟ್ಟುಕೊಂಡಿದ್ದರು, ಕೇಳಿದಾಗ ಗುಜರಿಗೆ ಹೋಯ್ತು ಅಂದರು. ಇಷ್ಟೆಲ್ಲ ಹೇಳಿದ ಮೇಲೂ ಹಾಕಿಸಲೇಬೇಕು ಅನ್ನುವವರು ಅದೊಂದನ್ನಾದರೂ ಡಿಕ್ಕಿಯಲ್ಲಿ ಹಾಕಿಕೊಂಡು ಬಂದು ಊರ ಮನೆಯ ಅಟ್ಟದಲ್ಲಿಡಿ.